ನಿಮ್ಮ ಬೋರ್‌ವೆಲ್ ನೀರಿನಲ್ಲಿರುವುದು ಯಾವ ಉಪ್ಪು? ಒಂದನ್ನೇ ಗುರುತು ಹಿಡಿಯುವ ಕೊಂಡಿ ಅಣುಗಳ ಕಥೆ



ಈಗ ಟಿಡಿಎಸ್ ಪೆನ್ನು ಇಲ್ಲದ ಊರೇ ಇಲ್ಲ ಅನ್ನುವ ಹಾಗಾಗಿದೆ. ಬೋರ್‌ವೆಲ್ ನೀರಿಗೆ ಅದ್ದಿದರೆ ಎರಡು ಸೆಕೆಂಡಿನಲ್ಲಿ ನಂಬರ್ ತೋರಿಸುತ್ತದೆ. 400 ಬಂದರೆ "ನೀರು ಚೆನ್ನಾಗಿದೆ" ಅಂತೀವಿ, 1800 ಬಂದರೆ "ಸವಳು ನೀರು" ಅಂತೀವಿ. ಇದರ ಜೊತೆಗೆ ಮಣ್ಣಿಗೆ ಚುಚ್ಚಿದ ಕೂಡಲೇ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇಷ್ಟಿಷ್ಟಿದೆ ಅಂತ ಹೇಳುವ ಕಡ್ಡಿಗಳೂ ಆನ್‌ಲೈನ್‌ನಲ್ಲಿ ಸಿಗುತ್ತಿವೆ. ಇವುಗಳನ್ನು ಎಷ್ಟು ನಂಬಬಹುದು? ನೀರಿನಲ್ಲಿ ಕರಗಿರುವ ಹತ್ತಾರು ಉಪ್ಪುಗಳಲ್ಲಿ ನಮಗೆ ಬೇಕಾದ ಒಂದನ್ನೇ ಗುರುತು ಹಿಡಿಯುವುದು ಎಷ್ಟು ಕಷ್ಟ? ಆ ಕಷ್ಟಕ್ಕೆ ರಸಾಯನ ವಿಜ್ಞಾನಿಗಳು ಕಂಡುಕೊಂಡಿರುವ ಒಂದು ಚಂದದ ಉಪಾಯ ಏನು? ಈ ವಾರ ಅದನ್ನೇ ನೋಡೋಣ. ಕೊನೆಯಲ್ಲಿ ಇವತ್ತೇ ಮಾಡಬಹುದಾದ ಕೆಲಸಗಳನ್ನೂ ಹೇಳಿದ್ದೇವೆ.

ಪೆನ್ನು ತಲೆ ಎಣಿಸುತ್ತದೆ, ಅಷ್ಟೇ

ಉಪ್ಪು ನೀರಿನಲ್ಲಿ ಕರಗಿದಾಗ ಎರಡು ಭಾಗವಾಗಿ ಒಡೆಯುತ್ತದೆ. ಅಡುಗೆ ಉಪ್ಪು ಕರಗಿದರೆ ಧನ ವಿದ್ಯುತ್ ಹೊತ್ತ ಸೋಡಿಯಂ ಒಂದು ಕಡೆ, ಋಣ ವಿದ್ಯುತ್ ಹೊತ್ತ ಕ್ಲೋರೈಡ್ ಇನ್ನೊಂದು ಕಡೆ. ನಾವು ಹಾಕುವ ಎಂಒಪಿ ಕರಗಿದರೆ ಪೊಟ್ಯಾಸಿಯಂ ಮತ್ತು ಕ್ಲೋರೈಡ್. ಹೀಗೆ ವಿದ್ಯುತ್ ಹೊತ್ತ ಕಣಗಳಿಗೆ ಅಯಾನು ಅಂತ ಹೆಸರು. ಗಿಡ ತನ್ನ ಆಹಾರವನ್ನು ಬಹುಪಾಲು ಅಯಾನುಗಳ ರೂಪದಲ್ಲೇ ಹೀರುತ್ತದೆ.

ಟಿಡಿಎಸ್ ಪೆನ್ನು ಮಾಡುವುದು ಒಂದೇ ಕೆಲಸ: ನೀರಿನ ಮೂಲಕ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆದು, ಅದನ್ನು ಒಂದು ಅಂದಾಜು ಸಂಖ್ಯೆಯಿಂದ ಗುಣಿಸಿ ತೋರಿಸುವುದು. ಅಯಾನು ಜಾಸ್ತಿ ಇದ್ದರೆ ವಿದ್ಯುತ್ ಜಾಸ್ತಿ ಹರಿಯುತ್ತದೆ. ಆದರೆ ಯಾವ ಅಯಾನು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ದೊಡ್ಡಿಯಲ್ಲಿ ಒಟ್ಟು ಎಷ್ಟು ತಲೆ ಇವೆ ಅಂತ ಎಣಿಸಿ ಹೇಳಿದ ಹಾಗೆ. ಅದರಲ್ಲಿ ಕುರಿ ಎಷ್ಟು, ಮೇಕೆ ಎಷ್ಟು ಅಂತ ಕೇಳಿದರೆ ಉತ್ತರವಿಲ್ಲ.

ಇನ್ನೊಂದು ವಿಷಯ. ಯೂರಿಯಾ ಕರಗಿದಾಗ ಅಯಾನುಗಳಾಗಿ ಒಡೆಯುವುದೇ ಇಲ್ಲ. ಶುದ್ಧ ನೀರಿಗೆ ಒಂದು ಚಮಚ ಯೂರಿಯಾ ಹಾಕಿ ಕಲಸಿದರೂ ಪೆನ್ನು ಹೆಚ್ಚೇನೂ ಮೇಲೇಳುವುದಿಲ್ಲ. ಮಣ್ಣಿನಲ್ಲಿ ಅದು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆದ ಮೇಲೆ ಮಾತ್ರ ವಿದ್ಯುತ್ ಹರಿಸುತ್ತದೆ. ಹಾಗಿರುವಾಗ ಬರೀ ವಿದ್ಯುತ್ ಹರಿವನ್ನು ಅಳೆದು "ಸಾರಜನಕ ಇಷ್ಟಿದೆ" ಅಂತ ಹೇಳುವ ಕಡ್ಡಿಯ ಮಾತು ಎಷ್ಟು ಗಟ್ಟಿ, ನೀವೇ ಯೋಚಿಸಿ.

ಒಂದನ್ನೇ ತಿಳಿಯುವುದು ಯಾಕೆ ಮುಖ್ಯ?

ಫ್ಲೋರೈಡ್ ತಗೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಈ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಹಲ್ಲಿನ ಮೇಲೆ ಕಂದು ಕಲೆ, ಮೂಳೆ ಕೀಲು ಬಿಗಿಯುವುದು, ಎಲ್ಲ ಇದರಿಂದಲೇ. ಟಿಡಿಎಸ್ 500 ಇರುವ ನೀರಿನಲ್ಲಿ ಫ್ಲೋರೈಡ್ 1.5 ಇದ್ದರೆ ಅದು ಒಟ್ಟು ಉಪ್ಪಿನಲ್ಲಿ 0.3 ಶೇಕಡಾ ಮಾತ್ರ. ಅಕ್ಕಪಕ್ಕದ ಎರಡು ಬೋರ್‌ವೆಲ್, ಎರಡರಲ್ಲೂ ಪೆನ್ನು 500 ತೋರಿಸಬಹುದು. ಒಂದರಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ, ಇನ್ನೊಂದರಲ್ಲಿ 3 ಮಿಲಿಗ್ರಾಂ ಇರಬಹುದು. ಪೆನ್ನಿಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. "ನಮ್ಮದು ಸಿಹಿ ನೀರು" ಅನ್ನುವುದು ಫ್ಲೋರೈಡ್ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ನೈಟ್ರೇಟ್ ಕಥೆಯೂ ಹಾಗೇ. ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದರಲ್ಲಿ ಸಡಿಲಿಕೆ ಇಲ್ಲ. ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುವ ಅಪಾಯವಿದೆ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಅದೇ ನೈಟ್ರೇಟ್ ಹೊಲಕ್ಕೆ ಗೊಬ್ಬರ. ಲೆಕ್ಕ ಹಾಕಿ ನೋಡಿ: ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಸುಮಾರು 1,02,800 ಲೀಟರ್. ನೀರಿನಲ್ಲಿ ನೈಟ್ರೇಟ್ 90 ಮಿಲಿಗ್ರಾಂ ಇದ್ದರೆ ಪ್ರತಿ ಇಂಚಿನ ಜೊತೆ ಸುಮಾರು 2.1 ಕಿಲೋ ಸಾರಜನಕ ಹೊಲಕ್ಕೆ ಬರುತ್ತದೆ. ಬೆಳೆಗೆ ಒಟ್ಟು 10 ಇಂಚು ನೀರು ಕೊಟ್ಟರೆ ಸುಮಾರು 21 ಕಿಲೋ ಸಾರಜನಕ, ಅಂದರೆ 45 ಕಿಲೋ ಯೂರಿಯಾ ಚೀಲ ಒಂದಕ್ಕೆ ಸಮ! ಗೊತ್ತಿಲ್ಲದೆ ಅದರ ಮೇಲೆ ಪೂರ್ತಿ ಶಿಫಾರಸು ಹಾಕಿದರೆ ದುಡ್ಡೂ ದಂಡ, ಬಾವಿಗೆ ಇನ್ನಷ್ಟು ನೈಟ್ರೇಟ್ ಇಳಿಸಿದ ಹಾಗೂ ಆಯಿತು.

ಹೀಗಾಗಿ ನಮಗೆ ಬೇಕಾಗಿರುವುದು ಒಟ್ಟು ಲೆಕ್ಕವಲ್ಲ, ಒಂದೊಂದರ ಲೆಕ್ಕ. ಗುಂಪಿನಿಂದ ಒಂದನ್ನೇ ಹಿಡಿದು ನಿಲ್ಲಿಸುವ ಏನಾದರೂ ಬೇಕು. ಅಂಥ ಅಣುವಿಗೆ ವಿಜ್ಞಾನದಲ್ಲಿ ಗ್ರಾಹಿ ಅಣು, ಅಂದರೆ ಹಿಡಿಯುವ ಅಣು ಅಂತ ಹೆಸರು.

ಜರಡಿ ಹಿಡಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡನ್ನೇ ನೋಡಿ. ಎರಡಕ್ಕೂ ಒಂದೇ ಧನ ವಿದ್ಯುತ್. ಸೋಡಿಯಂ ಅಯಾನಿನ ತ್ರಿಜ್ಯ 0.102 ನ್ಯಾನೋಮೀಟರ್, ಪೊಟ್ಯಾಸಿಯಂನದು 0.138. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಪೊಟ್ಯಾಸಿಯಂ ಹಾದು ಹೋಗುವ ಜರಡಿಯಲ್ಲಿ ಅದಕ್ಕಿಂತ ಚಿಕ್ಕದಾದ ಸೋಡಿಯಂ ಇನ್ನೂ ಸುಲಭವಾಗಿ ಹಾದು ಹೋಗಬೇಕಲ್ಲ? ಜರಡಿಯ ಲೆಕ್ಕದಲ್ಲಿ ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಆರಿಸಲಾಗುವುದಿಲ್ಲ.

ಆದರೆ ಗಿಡದ ಬೇರು ಈ ಕೆಲಸ ಮಾಡುತ್ತಲೇ ಇದೆ. ಬೇರಿನ ಜೀವಕೋಶದಲ್ಲಿ ಪೊಟ್ಯಾಸಿಯಂಗೇ ಮೀಸಲಾದ ಬಾಗಿಲುಗಳಿವೆ. ಅಂಥ ಬಾಗಿಲಿನ ರಚನೆಯನ್ನು ಒಂದು ಬ್ಯಾಕ್ಟೀರಿಯಾದಲ್ಲಿ 1998ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ರಾಡರಿಕ್ ಮ್ಯಾಕಿನನ್. ಅವರಿಗೆ 2003ರಲ್ಲಿ ನೊಬೆಲ್ ಬಂತು. ಗುಟ್ಟು ಏನಪ್ಪಾ ಅಂದ್ರೆ, ನೀರಿನಲ್ಲಿರುವ ಪ್ರತಿ ಅಯಾನೂ ನೀರಿನ ಅಣುಗಳ ಒಂದು ಅಂಗಿ ತೊಟ್ಟುಕೊಂಡಿರುತ್ತದೆ. ಬಾಗಿಲೊಳಗೆ ಬರಬೇಕಾದರೆ ಆ ಅಂಗಿ ಬಿಚ್ಚಬೇಕು. ಬಾಗಿಲಿನ ಒಳಗೋಡೆಯಲ್ಲಿ ಆಮ್ಲಜನಕದ ಪರಮಾಣುಗಳು ಪೊಟ್ಯಾಸಿಯಂನ ಅಳತೆಗೆ ಸರಿಯಾಗಿ ನಿಂತಿವೆ. ಹಾಗಾಗಿ ಪೊಟ್ಯಾಸಿಯಂಗೆ ಅಂಗಿ ಬಿಚ್ಚಿದ ನಷ್ಟವೇ ಇಲ್ಲ. ಸೋಡಿಯಂ ಚಿಕ್ಕದು, ಆ ಗೋಡೆಗಳಿಗೆ ಸರಿಯಾಗಿ ತಗಲುವುದಿಲ್ಲ. ಅದಕ್ಕೆ ತನ್ನ ನೀರಿನ ಅಂಗಿಯೇ ವಾಸಿ. ಅದು ಹೊರಗೇ ಉಳಿಯುತ್ತದೆ.

ಇದೇ ತತ್ವದ ಮೇಲೆ ಮನುಷ್ಯರು ಮಾಡಿದ ಮೊದಲ ಹಿಡಿಯುವ ಅಣುಗಳು ಬಳೆಯಂಥವು. ಡುಪಾಂಟ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ಇವುಗಳ ವಿಷಯ ಪ್ರಕಟಿಸಿದರು. ಹೆಸರು ಕ್ರೌನ್ ಈಥರ್, ಅಂದರೆ ಕಿರೀಟದ ಆಕಾರದ ಅಣು. ಬಳೆ ದೊಡ್ಡದಿದ್ದರೆ ಪೊಟ್ಯಾಸಿಯಂ, ಸ್ವಲ್ಪ ಚಿಕ್ಕದಿದ್ದರೆ ಸೋಡಿಯಂ, ಇನ್ನೂ ಚಿಕ್ಕದಿದ್ದರೆ ಲಿಥಿಯಂ ಕೂರುತ್ತದೆ. ಡೊನಾಲ್ಡ್ ಕ್ರಾಮ್, ಜಾನ್-ಮಾರಿ ಲೇನ್ ಅವರ ಜೊತೆ ಪೆಡರ್ಸನ್ ಅವರಿಗೆ 1987ರಲ್ಲಿ ನೊಬೆಲ್ ಸಿಕ್ಕಿತು. ಪ್ರಕೃತಿಯಲ್ಲೇ ಸಿಗುವ ವ್ಯಾಲಿನೊಮೈಸಿನ್ ಎಂಬ ಅಣು ಇನ್ನೂ ಗಟ್ಟಿಗ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿಗಳು ತಯಾರಿಸುವ ಇದು ಸೋಡಿಯಂಗಿಂತ ಸುಮಾರು 10,000 ಪಟ್ಟು ಹೆಚ್ಚಾಗಿ ಪೊಟ್ಯಾಸಿಯಂ ಅನ್ನೇ ಆರಿಸುತ್ತದೆ. ಆಸ್ಪತ್ರೆಯಲ್ಲಿ ರಕ್ತದ ಪೊಟ್ಯಾಸಿಯಂ ಅಳೆಯುವ ಎಲೆಕ್ಟ್ರೋಡ್‌ಗಳಲ್ಲಿ ಇದನ್ನೇ ಬಳಸುತ್ತಾರೆ.

ಋಣ ಅಯಾನು ಸುಲಭಕ್ಕೆ ಬಗ್ಗುವುದಿಲ್ಲ

ನಮ್ಮ ತಲೆನೋವಿನ ಹೆಸರುಗಳನ್ನು ನೋಡಿ: ನೈಟ್ರೇಟ್, ಫ್ಲೋರೈಡ್, ಕ್ಲೋರೈಡ್, ಫಾಸ್ಫೇಟ್. ಎಲ್ಲವೂ ಋಣ ಅಯಾನು. ಇವುಗಳನ್ನು ಹಿಡಿಯುವುದು ಇನ್ನೂ ಕಷ್ಟ.

ಮೊದಲನೆಯದು ಆಕಾರ. ಕ್ಲೋರೈಡ್ ಗುಂಡಗೆ ಗೋಲಿಯ ಹಾಗೆ. ನೈಟ್ರೇಟ್ ಚಪ್ಪಟೆ ಮೂರು ಮೂಲೆ. ಫಾಸ್ಫೇಟ್ ನಾಲ್ಕು ಮೂಲೆಯದು, ಸಾಲದ್ದಕ್ಕೆ ಮಣ್ಣಿನ ರಸಸಾರಕ್ಕೆ ತಕ್ಕಂತೆ ಅದರ ವಿದ್ಯುತ್ತೂ ಬದಲಾಗುತ್ತದೆ. ಎರಡನೆಯದು, ಇವು ಗಾತ್ರದಲ್ಲಿ ದೊಡ್ಡವು. ಚಪ್ಪಟೆ ಬಳೆಯೊಂದರ ಮೇಲೆ ಸುಮ್ಮನೆ ಕುಳಿತುಕೊಂಡರೆ ಹಿಡಿತ ಸಾಲದು, ಸುತ್ತಲಿಂದಲೂ ಹಿಡಿಯಬೇಕು. ಮೂರನೆಯದು ನೀರು. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಲ್ಲಿ ಒಂದು ನೈಟ್ರೇಟ್‌ಗೆ ಸುಮಾರು 76,000 ನೀರಿನ ಅಣುಗಳಿರುತ್ತವೆ. ಫ್ಲೋರೈಡ್ 1.5 ಮಿಲಿಗ್ರಾಂ ಇದ್ದರೆ ಒಂದು ಫ್ಲೋರೈಡ್‌ಗೆ ಸುಮಾರು 7 ಲಕ್ಷ ನೀರಿನ ಅಣು. ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬರನ್ನು ಹುಡುಕಿದ ಹಾಗೆ, ಅದೂ ಎಲ್ಲರೂ ಕೈ ಹಿಡಿದು ಎಳೆಯುತ್ತಿರುವಾಗ.

ಇಲ್ಲಿ ಬರುತ್ತವೆ ನಮ್ಮ ಕೊಂಡಿ ಅಣುಗಳು.

ಗಾಡಿಯ ಚಕ್ರ, ಸರಪಳಿಯ ಕೊಂಡಿ

ಎತ್ತಿನ ಗಾಡಿಯ ಅಚ್ಚಿಗೆ ಚಕ್ರ ಏರಿಸಿ, ಚಕ್ರ ಕಳಚದ ಹಾಗೆ ತುದಿಗೆ ಕಡಾಣಿ ಹೊಡೆಯುತ್ತೇವೆ. ಚಕ್ರವನ್ನು ಅಚ್ಚಿಗೆ ಅಂಟಿಸಿಲ್ಲ, ಬೆಸುಗೆ ಹಾಕಿಲ್ಲ. ತಿರುಗುತ್ತದೆ, ಸ್ವಲ್ಪ ಆಚೀಚೆ ಜರುಗುತ್ತದೆ, ಆದರೆ ಕಳಚಿ ಬರುವುದಿಲ್ಲ. ಅಣುವಿನ ಮಟ್ಟದಲ್ಲಿ ಇದೇ ರೀತಿ ಮಾಡಿದರೆ ಅದಕ್ಕೆ ರೋಟಾಕ್ಸೇನ್ ಅಂತ ಹೆಸರು. ಒಂದು ಉದ್ದನೆಯ ಅಣು ಅಚ್ಚು, ಅದರ ಮೇಲೆ ಬಳೆಯಂಥ ಅಣು, ಎರಡೂ ತುದಿಗೆ ಬಳೆ ದಾಟಲಾಗದಷ್ಟು ದಪ್ಪನೆಯ ಗುಂಪು: ಅದೇ ಕಡಾಣಿ.

ಇನ್ನೊಂದು ಬಗೆ ಕ್ಯಾಟಿನೇನ್. ದನದ ಸರಪಳಿಯ ಎರಡು ಕೊಂಡಿ ಒಂದರೊಳಗೊಂದು ಸಿಕ್ಕಿಕೊಂಡಿರುವ ಹಾಗೆ ಎರಡು ಬಳೆಯಂಥ ಅಣುಗಳು ಸಿಕ್ಕಿಕೊಂಡಿರುತ್ತವೆ. ಒಂದನ್ನು ಮುರಿಯದೆ ಇನ್ನೊಂದನ್ನು ಬಿಡಿಸಲು ಬರುವುದಿಲ್ಲ.

ಅಯಾನು ಹಿಡಿಯುವುದಕ್ಕೆ ಇದರಿಂದ ಏನು ಉಪಯೋಗ? ಎರಡು ಉಪಯೋಗ.

ಒಂದು, ಬಳೆ ಮತ್ತು ಅಚ್ಚು ಒಂದನ್ನೊಂದು ದಾಟುವ ಜಾಗದಲ್ಲಿ ಒಂದು ಆಳವಾದ ಗೂಡು ಉಂಟಾಗುತ್ತದೆ. ಬಳೆಯ ಕಡೆಯಿಂದ ಒಂದಿಷ್ಟು ಕೈ, ಅಚ್ಚಿನ ಕಡೆಯಿಂದ ಒಂದಿಷ್ಟು ಕೈ ಆ ಗೂಡಿನೊಳಕ್ಕೆ ಚಾಚಿಕೊಂಡಿರುತ್ತವೆ. ಗೂಡಿನೊಳಗೆ ಬಂದ ಅಯಾನನ್ನು ಸುತ್ತಲಿಂದ ಹಿಡಿಯಬಹುದು, ನೀರಿನ ಅಣುಗಳನ್ನು ಹೊರಗಿಡಬಹುದು. ಅಳತೆಗೆ ಸರಿಯಾದದ್ದಕ್ಕೆ ಮಾತ್ರ ಜಾಗ.

ಎರಡು, ಭಾಗಗಳು ಅಂಟಿಕೊಂಡಿಲ್ಲವಾದ್ದರಿಂದ ಅಯಾನು ಬಂದಾಗ ಬಳೆ ಜರುಗುತ್ತದೆ ಅಥವಾ ತಿರುಗುತ್ತದೆ. ಆ ಅಲುಗಾಟವೇ ಸುದ್ದಿ. ಬರೀ ಹಿಡಿದರೆ ಸಾಲದು, "ಹಿಡಿದೆ" ಅಂತ ಹೇಳಲೂ ಬೇಕಲ್ಲ?

ಬಳೆಯೊಳಗೆ ದಾರ ಪೋಣಿಸಿದ್ದು ಹೇಗೆ?

ಕಣ್ಣಿಗೆ ಕಾಣದ ಅಣುವಿನೊಳಗೆ ಇನ್ನೊಂದು ಅಣುವನ್ನು ತೂರಿಸುವುದು ಸುಮ್ಮನೆ ಮಾತಲ್ಲ. 1960ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಡೆಲ್ ವಾಸರ್‌ಮನ್ ಮೊದಲ ಕ್ಯಾಟಿನೇನ್ ಮಾಡಿದಾಗ ಅದು ಅದೃಷ್ಟದ ಆಟವಾಗಿತ್ತು. ಉದ್ದನೆಯ ಅಣು ಆಕಸ್ಮಿಕವಾಗಿ ಬಳೆಯೊಳಗೆ ತೂರಿರುವಾಗಲೇ ಅದರ ತುದಿಗಳು ಕೂಡಿಕೊಳ್ಳಬೇಕು. ಸಿಕ್ಕಿದ್ದು ಚಿಟಿಕೆಯಷ್ಟು.

ದಾರಿ ತೋರಿಸಿದ್ದು ಒಂದು ಲೋಹದ ಅಯಾನು. 1983ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜಾನ್-ಪಿಯರ್ ಸೊವಾಜ್ ಅವರ ತಂಡ ತಾಮ್ರದ ಅಯಾನನ್ನು ನಡುವೆ ಇಟ್ಟಿತು. ತಾಮ್ರ ಒಂದು ಕಡೆ ಬಳೆಯನ್ನೂ ಇನ್ನೊಂದು ಕಡೆ ಅರ್ಧಚಂದ್ರದಂಥ ಅಣುವನ್ನೂ ಹಿಡಿದು, ಎರಡನ್ನೂ ಒಂದರೊಳಗೊಂದು ಸರಿಯಾಗಿ ನಿಲ್ಲಿಸಿತು. ಆಮೇಲೆ ಅರ್ಧಚಂದ್ರದ ತುದಿಗಳನ್ನು ಇನ್ನೊಂದು ತುಂಡಿನಿಂದ ಮುಚ್ಚಿದರು: ಕೊಂಡಿ ತಯಾರು. ಇಳುವರಿ 42 ಶೇಕಡಾ! ಕೆಲಸ ಮುಗಿದ ಮೇಲೆ ತಾಮ್ರವನ್ನು ಹೊರಗೆ ತೆಗೆದರು.

ಬಾಗಿಲ ಮೇಲೆ ಕಮಾನು ಕಟ್ಟುವಾಗ ಗಾರೆಯವರು ಕೆಳಗೆ ಮರದ ಆಸರೆ ಕೊಡುತ್ತಾರಲ್ಲ, ಹಾಗೆ. ಗಾರೆ ಒಣಗಿದ ಮೇಲೆ ಆಸರೆ ತೆಗೆದರೂ ಕಮಾನು ನಿಲ್ಲುತ್ತದೆ. ವ್ಯತ್ಯಾಸ ಒಂದೇ: ಇಲ್ಲಿ ಆಸರೆ ತೆಗೆದ ಮೇಲೆ ಕೊಂಡಿಗಳು ಸಡಿಲಾಗಿ ತಿರುಗುತ್ತವೆ, ತಾಮ್ರ ಮತ್ತೆ ಬಂದರೆ ತಿರುಗಿ ಮೊದಲಿನ ಭಂಗಿಗೆ ಬಂದು ಅದನ್ನು ಹಿಡಿಯುತ್ತವೆ. ಅಂದರೆ ಕಟ್ಟಲು ಸಹಾಯ ಮಾಡಿದ ಅಯಾನಿಗೆ ಸರಿಹೊಂದುವ ಗೂಡೇ ಉಳಿದುಕೊಳ್ಳುತ್ತದೆ. ಯಾವ ಅಯಾನು ಹಿಡಿಯಬೇಕೋ ಅದನ್ನೇ ಮುಂದಿಟ್ಟುಕೊಂಡು ಗೂಡು ಕಟ್ಟುವ ಈ ಉಪಾಯವೇ ಇಡೀ ವಿಷಯದ ತಿರುಳು.

ಮುಂದೆ ಫ್ರೇಜರ್ ಸ್ಟಾಡರ್ಟ್ 1991ರಲ್ಲಿ ಅಚ್ಚಿನ ಮೇಲೆ ಎರಡು ನಿಲ್ದಾಣಗಳ ನಡುವೆ ಓಡಾಡುವ ಬಳೆಯನ್ನು ತೋರಿಸಿದರು. ಸೊವಾಜ್, ಸ್ಟಾಡರ್ಟ್ ಮತ್ತು ಬೆನ್ ಫೆರಿಂಗಾ ಅವರಿಗೆ ಅಣು ಯಂತ್ರಗಳ ಕೆಲಸಕ್ಕಾಗಿ 2016ರ ರಸಾಯನ ವಿಜ್ಞಾನದ ನೊಬೆಲ್ ಬಂತು.

ಕ್ಲೋರೈಡ್‌ನಿಂದ ನೈಟ್ರೇಟ್‌ವರೆಗೆ

ತಾಮ್ರ ಧನ ಅಯಾನು. ಇದೇ ಉಪಾಯವನ್ನು ಋಣ ಅಯಾನಿಗೆ ಬಳಸಿದವರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಬಿಯರ್ ಅವರ ತಂಡ ಮುಖ್ಯವಾದದ್ದು. 2002ರಲ್ಲಿ ಅವರು ಕ್ಲೋರೈಡ್ ಅನ್ನು ಆಸರೆಯಾಗಿಟ್ಟುಕೊಂಡು ರೋಟಾಕ್ಸೇನ್ ಕಟ್ಟಿದರು. ಆಮೇಲೆ ಕ್ಲೋರೈಡ್ ತೆಗೆದು ಪರೀಕ್ಷೆ ಮಾಡಿದಾಗ ಒಂದು ಒಳ್ಳೆಯ ಸಂಗತಿ ಕಂಡಿತು. ಅಚ್ಚು ಒಂಟಿಯಾಗಿದ್ದಾಗ ಅದಕ್ಕೆ ಅಸಿಟೇಟ್, ಫಾಸ್ಫೇಟ್ ಮೇಲೆ ಒಲವು ಹೆಚ್ಚು. ಅದೇ ಅಚ್ಚು ಬಳೆಯೊಳಗೆ ಸಿಕ್ಕಿಕೊಂಡ ಮೇಲೆ ಒಲವು ತಿರುಗಿಬಿತ್ತು. ಕ್ಲೋರೈಡ್ ಮುಂದಕ್ಕೆ ಬಂತು. ಯಾಕೆ? ಗೂಡಿನಲ್ಲಿ ಗುಂಡಗಿನ ಕ್ಲೋರೈಡ್‌ಗೆ ಜಾಗವಿದೆ, ದೊಡ್ಡ ಮೈಯ ಇನ್ನೆರಡಕ್ಕೆ ಇಲ್ಲ. ಭಾಗಗಳು ಅವೇ, ಕೊಂಡಿ ಹಾಕಿದ್ದರಿಂದಲೇ ಆಯ್ಕೆ ಬದಲಾಯಿತು.

ನಮಗೆ ಹೆಚ್ಚು ಸಂಬಂಧಪಟ್ಟದ್ದು 2016ರದು. ಅದೇ ತಂಡ ಒಂದು ಅಚ್ಚು, ಅದರ ಮೇಲೆ ಎರಡು ಬಳೆ, ನಾಲ್ಕು ನಿಲ್ದಾಣ ಇರುವ ರೋಟಾಕ್ಸೇನ್ ಮಾಡಿ, ಅದು ನೈಟ್ರೇಟ್ ಅನ್ನು ಆರಿಸಿ ಹಿಡಿಯುತ್ತದೆ ಅಂತ ತೋರಿಸಿತು. ನೈಟ್ರೇಟ್ ಬಂದಾಗ ಬಳೆಗಳು ನಿಲ್ದಾಣ ಬದಲಿಸುತ್ತವೆ. ಚಪ್ಪಟೆ ಮೈಯ, ಕೈಗೆ ಸಿಗದ ನೈಟ್ರೇಟ್‌ಗೆ ಗೂಡು ಮಾಡುವುದು ತುಂಬಾ ಕಷ್ಟದ ಕೆಲಸವಾದ್ದರಿಂದ ಇದು ದೊಡ್ಡ ಹೆಜ್ಜೆ.

ಅಣುವಿನ ಈ ಅಲುಗಾಟ ನಮಗೆ ಕಾಣುವುದು ಎರಡು ದಾರಿಯಲ್ಲಿ. ಒಂದು, ಅಚ್ಚು ಅಥವಾ ಬಳೆಗೆ ಬೆಳಕು ಸೂಸುವ ಗುಂಪು ಜೋಡಿಸುವುದು. ಬಳೆ ಜರುಗಿದರೆ ಹೊಳಪು ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ, ಬಣ್ಣವೂ ಬದಲಾಗಬಹುದು. ಇನ್ನೊಂದು, ಎಲೆಕ್ಟ್ರಾನ್ ಕೊಟ್ಟು ತಗೊಳ್ಳುವ ಗುಂಪು ಜೋಡಿಸಿ, ಚಿನ್ನದಂಥ ಲೋಹದ ಮೇಲೆ ಅಣುಗಳನ್ನು ನೆಟ್ಟು, ವೋಲ್ಟೇಜಿನ ವ್ಯತ್ಯಾಸ ಅಳೆಯುವುದು. ಈ ಎರಡನೆಯ ದಾರಿ ಮುಂದೆ ಕೈಯಲ್ಲಿ ಹಿಡಿಯುವ ಮೀಟರಿಗೆ ಹತ್ತಿರವಾದದ್ದು.

ಹಾಗಾದರೆ ಮೀಟರ್ ಯಾವಾಗ ಬರುತ್ತದೆ?

ನೇರವಾಗಿ ಹೇಳುವುದಾದರೆ, ಕೊಂಡಿ ಅಣುಗಳು ಇನ್ನೂ ಪ್ರಯೋಗಾಲಯದ ವಸ್ತು. ಹೊಲಕ್ಕೆ ಬರಲು ನಾಲ್ಕು ಅಡ್ಡಿಗಳಿವೆ.

1. ನೀರು. ಹೆಚ್ಚಿನ ಪ್ರಯೋಗಗಳು ನಡೆದಿರುವುದು ಅಸಿಟೋನ್, ಕ್ಲೋರೋಫಾರ್ಮ್‌ನಂಥ ದ್ರಾವಕಗಳಲ್ಲಿ ಅಥವಾ ಅವುಗಳಿಗೆ ಸ್ವಲ್ಪ ನೀರು ಬೆರೆಸಿ. ಬರೀ ನೀರಿನಲ್ಲಿ ಹಿಡಿತ ಬಹಳ ಸಡಿಲಾಗುತ್ತದೆ. 2014ರಲ್ಲಿ ಆಕ್ಸ್‌ಫರ್ಡ್ ತಂಡವೇ ಹಿಡಿಯುವ ಕೈಗಳಲ್ಲಿ ಅಯೋಡಿನ್ ಪರಮಾಣು ಕೂರಿಸಿ ನೀರಿನಲ್ಲೂ ಹಿಡಿತ ಬಿಗಿಯಾಗುವುದನ್ನು ತೋರಿಸಿತು. ದಾರಿ ಇದೆ, ಆದರೆ ಉದ್ದವಿದೆ.

2. ಹಿಡಿದದ್ದನ್ನು ಬಿಡಬೇಕು. ತುಂಬಾ ಬಿಗಿಯಾಗಿ ಹಿಡಿದರೆ ಒಂದೇ ಸಲಕ್ಕೆ ಮೀಟರ್ ಮುಗಿಯಿತು. ಸಡಿಲವಾದರೆ ಹಿಡಿಯುವುದೇ ಇಲ್ಲ. ನಮ್ಮ ನೀರಿನಲ್ಲಿರುವ ಪ್ರಮಾಣಕ್ಕೆ ತಕ್ಕ ಹಿಡಿತ ಬೇಕು.

3. ತಯಾರಿ. ಇವುಗಳನ್ನು ಹಲವು ಹಂತಗಳಲ್ಲಿ ಮಾಡಬೇಕು. ಸಿಗುವುದು ಮಿಲಿಗ್ರಾಂ ಲೆಕ್ಕದಲ್ಲಿ, ಖರ್ಚು ಜಾಸ್ತಿ.

4. ಹೊಲದ ಪರಿಸ್ಥಿತಿ. ಕೆಸರು, ಪಾಚಿ, ಸುಣ್ಣದ ಪದರ, ಬಿಸಿಲು. ಪ್ರಯೋಗಾಲಯದ ಗಾಜಿನ ಬಾಟಲಿಯಲ್ಲಿ ಕೆಲಸ ಮಾಡಿದ್ದು ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಬೇಕು.

ಆದ್ದರಿಂದ ಯಾರಾದರೂ "ನೊಬೆಲ್ ತಂತ್ರಜ್ಞಾನದ ನ್ಯಾನೋ ಸೆನ್ಸರ್" ಅಂತ ಮಾರಲು ಬಂದರೆ ಜೇಬಿಗೆ ಕೈ ಹಾಕುವ ಮೊದಲು ಕೆಳಗಿನ ಪರೀಕ್ಷೆ ಮಾಡಿ ನೋಡಿ.

ಕಡ್ಡಿಯನ್ನೇ ಪರೀಕ್ಷೆ ಮಾಡಿ

ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: "ಇದರೊಳಗೆ ನೈಟ್ರೇಟ್ ಒಂದನ್ನೇ ಹಿಡಿಯುವುದು ಏನು?" ಉತ್ತರ ಬರದಿದ್ದರೆ ಹೀಗೆ ಮಾಡಿ. ಒಂದು ಚೊಂಬು ಆರ್‌ಒ ನೀರಿಗೆ ಕಡ್ಡಿ ಅದ್ದಿ ಅಂಕಿ ಬರೆದುಕೊಳ್ಳಿ. ಅರ್ಧ ಚಮಚ ಅಡುಗೆ ಉಪ್ಪು ಹಾಕಿ ಕಲಸಿ ಮತ್ತೆ ನೋಡಿ. ಅಡುಗೆ ಉಪ್ಪಿನಲ್ಲಿ ಸಾರಜನಕವೂ ಇಲ್ಲ, ರಂಜಕವೂ ಇಲ್ಲ, ಪೊಟ್ಯಾಷ್ ಅಂತ ಹೇಳುವಷ್ಟೂ ಇಲ್ಲ. ಆದರೂ ಮೂರೂ ಅಂಕಿ ಒಟ್ಟಿಗೆ ಏರಿದರೆ ಆ ಕಡ್ಡಿ ವಿದ್ಯುತ್ ಹರಿವನ್ನು ಮಾತ್ರ ಅಳೆದು ಉಳಿದದ್ದನ್ನು ಊಹಿಸುತ್ತಿದೆ ಅಂತ ಅರ್ಥ. ಅದನ್ನು ನಂಬಿ ಗೊಬ್ಬರ ಕಡಿಮೆ ಮಾಡುವುದಾಗಲಿ ಹೆಚ್ಚು ಮಾಡುವುದಾಗಲಿ ಬೇಡ.

ಹಾಗಂತ ಟಿಡಿಎಸ್ ಅಥವಾ ಇಸಿ ಮೀಟರ್ ಬಿಸಾಡಬೇಡಿ. ನೀರು ಒಟ್ಟಾರೆ ಸವಳಾಗುತ್ತಿದೆಯೇ, ರಸಾವರಿಯ ಗೊಬ್ಬರ ದ್ರಾವಣ ಗಟ್ಟಿಯಾಯಿತೇ ಅಂತ ನೋಡಲು ಅದು ಒಳ್ಳೆಯ ಸಾಧನ. ಅದರಿಂದ ಅದಕ್ಕೆ ಆಗದ ಕೆಲಸ ಕೇಳಬಾರದು ಅಷ್ಟೇ.

ಇವತ್ತು ಒಂದನ್ನೇ ಹಿಡಿಯುವುದು ಎಲ್ಲಿ ಸಿಗುತ್ತದೆ?

ಲ್ಯಾಬಿನಲ್ಲಿ ಸಿಗುತ್ತದೆ. ಫ್ಲೋರೈಡ್‌ಗೆ ಲ್ಯಾಂಥನಂ ಫ್ಲೋರೈಡ್ ಎಂಬ ಹರಳಿನ ಎಲೆಕ್ಟ್ರೋಡ್ ಇದೆ. ಮಾರ್ಟಿನ್ ಫ್ರಾಂಟ್ ಮತ್ತು ಜೇಮ್ಸ್ ರಾಸ್ 1966ರಲ್ಲಿ ಇದನ್ನು ಪ್ರಕಟಿಸಿದರು. ಆ ಹರಳಿನೊಳಗೆ ಫ್ಲೋರೈಡ್ ಮಾತ್ರ ಸಲೀಸಾಗಿ ಓಡಾಡಬಲ್ಲದು. ನೀರು ತುಂಬಾ ಕ್ಷಾರವಾಗಿದ್ದರೆ ಅಂಕಿ ತಪ್ಪುತ್ತದೆ. ಅದಕ್ಕೇ ಲ್ಯಾಬಿನವರು ಅಳೆಯುವ ಮೊದಲು ಒಂದು ದ್ರಾವಣ ಬೆರೆಸಿ ರಸಸಾರ ಸರಿ ಮಾಡಿಕೊಳ್ಳುತ್ತಾರೆ. ನೈಟ್ರೇಟ್ ಎಲೆಕ್ಟ್ರೋಡೂ ಇದೆ, ಆದರೆ ಅದಕ್ಕೆ ಇಂಥ ಗಟ್ಟಿ ಗೂಡಿಲ್ಲ; ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ ಅದನ್ನೂ ಸ್ವಲ್ಪ ನೈಟ್ರೇಟ್ ಅಂತಲೇ ಎಣಿಸಿಬಿಡುತ್ತದೆ. ಸವಳು ನೀರಿನವರು ಇದನ್ನು ನೆನಪಿಡಬೇಕು. ಕೊಂಡಿ ಅಣುಗಳ ಸಂಶೋಧನೆ ತುಂಬಬೇಕಾದ ಜಾಗವೂ ಇದೇ. ಮಣ್ಣಿನ ಪೊಟ್ಯಾಷ್ ಅನ್ನು ಲ್ಯಾಬಿನಲ್ಲಿ ಜ್ವಾಲೆಯ ಬಣ್ಣದಿಂದ, ಅಂದರೆ ಫ್ಲೇಮ್ ಫೋಟೋಮೀಟರ್‌ನಿಂದ ಅಳೆಯುತ್ತಾರೆ.

ನೀವು ಮಾಡಬೇಕಾದದ್ದು

• ನೀರಿನ ಮಾದರಿಗೆ ಹೊಸ ಅಥವಾ ಶುದ್ಧ ಪ್ಲಾಸ್ಟಿಕ್ ಬಾಟಲಿ ಒಂದು ಲೀಟರಿನದು ಸಾಕು. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ. ಔಷಧಿ ಡಬ್ಬ, ಗೊಬ್ಬರದ ಕ್ಯಾನ್ ಮುಟ್ಟಲೇಬೇಡಿ.

• ಮೋಟಾರ್ ಹತ್ತು ಹದಿನೈದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು, ತುಂಬಾ ತುಂಬಿ ಮುಚ್ಚಳ ಹಾಕಿ. ಹೆಸರು, ಸರ್ವೆ ನಂಬರ್, ಬೋರ್‌ವೆಲ್ ಆಳ, ತಾರೀಖು ಬರೆದು ಅಂಟಿಸಿ.

• ನೈಟ್ರೇಟ್ ಪರೀಕ್ಷೆ ಇದ್ದರೆ ಮಾದರಿಯನ್ನು ತಂಪಾಗಿಟ್ಟು ಎರಡು ದಿನದೊಳಗೆ ಲ್ಯಾಬಿಗೆ ಮುಟ್ಟಿಸಿ. ತಡವಾದರೆ ಸೂಕ್ಷ್ಮಜೀವಿಗಳು ಲೆಕ್ಕ ಕೆಡಿಸುತ್ತವೆ.

• ನೀರಾವರಿಗೆ ಆದರೆ ಕೃಷಿ ವಿಜ್ಞಾನ ಕೇಂದ್ರ ಅಥವಾ ಜಿಲ್ಲೆಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೇಳಿ. ರೈತ ಸಂಪರ್ಕ ಕೇಂದ್ರದವರು ದಾರಿ ಹೇಳುತ್ತಾರೆ. ಕುಡಿಯುವ ನೀರಿಗೆ ಆದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕಳಿಸಿ.

• ಬರೀ "ನೀರು ಪರೀಕ್ಷೆ" ಅನ್ನಬೇಡಿ. "ಫ್ಲೋರೈಡ್, ನೈಟ್ರೇಟ್, ಕ್ಲೋರೈಡ್, ಸೋಡಿಯಂ ಬೇರೆ ಬೇರೆ ಹೇಳಿ" ಅಂತ ಕೇಳಿ.

• ವರದಿ ಬಂದಾಗ ನೈಟ್ರೇಟ್ ಪಕ್ಕದ ಅಳತೆ ನೋಡಿ. ಕೆಲವು ಲ್ಯಾಬ್‌ಗಳು ನೈಟ್ರೇಟ್ ಅಂತಲೇ ಕೊಡುತ್ತವೆ, ಕೆಲವು ಅದರಲ್ಲಿರುವ ಸಾರಜನಕವನ್ನಷ್ಟೇ ಕೊಡುತ್ತವೆ. ಸಾರಜನಕದ ಲೆಕ್ಕದಲ್ಲಿ 10 ಅಂದರೆ ನೈಟ್ರೇಟ್ ಲೆಕ್ಕದಲ್ಲಿ ಸುಮಾರು 44. ಅನುಮಾನವಿದ್ದರೆ ಕೇಳಿ ತಿಳಿದುಕೊಳ್ಳಿ. "12 ತಾನೇ ಬಂದಿರೋದು, 45ಕ್ಕಿಂತ ಕಡಿಮೆ" ಅಂತ ಸುಮ್ಮನಾದರೆ ಅಪಾಯ.

• ಗೊಬ್ಬರದ ಲೆಕ್ಕಕ್ಕೆ: ನೈಟ್ರೇಟ್ ಅಂಕಿಯನ್ನು 0.023ರಿಂದ ಗುಣಿಸಿ. ಎಕರೆಗೆ ಒಂದು ಇಂಚು ನೀರಿನ ಜೊತೆ ಅಷ್ಟು ಕಿಲೋ ಸಾರಜನಕ ಬರುತ್ತದೆ. ಅದನ್ನು ಕೃಷಿ ಅಧಿಕಾರಿಗೆ ತೋರಿಸಿ, ಶಿಫಾರಸಿನಲ್ಲಿ ಎಷ್ಟು ಕಳೆಯಬಹುದು ಅಂತ ಕೇಳಿ.

• ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ್ದರೆ ಕುಡಿಯಲು, ಅಡುಗೆಗೆ ಆರ್‌ಒ ನೀರು ಅಥವಾ ಸಂಗ್ರಹಿಸಿದ ಮಳೆ ನೀರು ಬಳಸಿ. ಬಟ್ಟೆಯಲ್ಲಿ ಸೋಸುವುದು, ಕುದಿಸುವುದು ಎರಡೂ ಇವಕ್ಕೆ ಮದ್ದಲ್ಲ. ಮನೆಯಲ್ಲಿ ಬಾಟಲಿ ಹಾಲಿನ ಕೂಸು ಇದ್ದರೆ ಈ ಪರೀಕ್ಷೆಯನ್ನು ನಾಳೆಗೆ ಹಾಕಬೇಡಿ.

• ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿದರೆ ನೀರು ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುತ್ತದೆ.

ಬಳೆ-ಅಚ್ಚಿನ ಅಣು ಕೂತಿರುವ ಮೀಟರ್ ಮುಂದೊಂದು ದಿನ ಬಂದರೆ ನಿಮ್ಮ ಬಾವಿಯ ಕಟ್ಟೆ ಮೇಲೆ ನಿಂತೇ ನೈಟ್ರೇಟ್ ಇಷ್ಟು, ಫ್ಲೋರೈಡ್ ಇಷ್ಟು ಅಂತ ನೋಡಬಹುದು. ಅಲ್ಲಿಯವರೆಗೆ ಒಂದು ಬಾಟಲಿ ನೀರು, ಒಂದು ಚೀಟಿ, ಲ್ಯಾಬಿಗೆ ಒಂದು ಸಲ ಓಡಾಟ ಇದ್ದರೆ ಸಾಕು. ಈ ವಾರ ಆ ಕೆಲಸ ಮುಗಿಸಿಬಿಡಿ.